ಕೆಲಸದ ಹುಡುಗ ಮಾಲೀಕನಾಗಲು ಏನು ಬೇಕು?

‘ಈಗಿನ ಹುಡುಗರಿಗೆ ಸ್ವಂತ ಹೋಟೆಲ್ ಮಾಡುವ ಹುಮ್ಮಸ್ಸಿಲ್ಲ’ ಎಂದು ವಿಶಾಖಪಟ್ಟಣ, ವಿಜಯವಾಡದಲ್ಲಿರುವ ನಾವೆಲ್ಲ ದೂರುತ್ತೇವೆ. ಆ ಹುಮ್ಮಸ್ಸು ಬರುವುದೆಲ್ಲಿಂದ? ಬಡತನವೊಂದೇ ಸಾಕಿದ್ದರೆ ಉಡುಪಿ ಸೀಮೆಯಿಂದ ಬಂದವರೆಲ್ಲ ಮಾಲೀಕರಾಗಬೇಕಿತ್ತು.

ಕಡಂದಲೆಯ ಕೆ. ಕೃಷ್ಣರಾಯರು ಮದ್ರಾಸಿನಲ್ಲಿ ಅಡುಗೆಮನೆ ಚಾಕರಿಯಿಂದ ಮೇಲೆ ಬಂದವರು. ಅವರ ಧಣಿಯೇ ಆಚಾರಪ್ಪನ್ ಬೀದಿಯ ಹೋಟೆಲನ್ನು ಕಂತಿನ ಮೇಲೆ ಬಿಟ್ಟುಕೊಟ್ಟರು. ಮುಂದೆ 1938ರಲ್ಲಿ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಹುಟ್ಟಿತು. ಕಣ್ಣೆದುರು ಗೆದ್ದವನೊಬ್ಬ, ಲೆಕ್ಕ ಕಲಿಸುವವನೊಬ್ಬ, ನಂಬಿ ಸಾಲ ಕೊಡುವವನೊಬ್ಬ ಸಿಕ್ಕರೆ ‘ನನ್ನಿಂದಲೂ ಆದೀತು’ ಅನ್ನಿಸುತ್ತದೆ.

ನಾವೋ, ಹತ್ತು ವರ್ಷ ದೋಸೆ ಹುಯ್ದ ಹುಡುಗನನ್ನೂ ಗಲ್ಲಾದ ಹತ್ತಿರ ಬಿಡುವುದಿಲ್ಲ. ನಮ್ಮ ಮಕ್ಕಳು ಇಂಜಿನಿಯರುಗಳಾಗಿ ಹೋದರು. ಶ್ರೀಕಾಕುಳಂ, ಒಡಿಶಾದ ಹುಡುಗರೇ ಈಗ ನಮ್ಮ ಕೈಕಾಲು. ಅವರನ್ನು ಮಾರ್ಕೆಟ್ಟಿಗೆ ಕರೆದೊಯ್ಯೋಣ, ದಿನದ ಲೆಕ್ಕ ತೋರಿಸೋಣ. ಎದುರಾಳಿ ಹುಟ್ಟಿಯಾನೆಂಬ ಭಯ ಬೇಡ. ಯಾರನ್ನೂ ಬೆಳೆಸದಿದ್ದರೆ ನಮ್ಮ ಹೋಟೆಲಿನ ಬೋರ್ಡು ನಮ್ಮ ಕಾಲಕ್ಕೇ ಇಳಿದೀತು.