ಆಷಾಢದಲ್ಲಿ ಬೂಸ್ಟ್, ಶ್ರಾವಣದಲ್ಲಿ ಲಾಭ

ಜಯನಗರ 4ನೇ ಬ್ಲಾಕ್‌ ಸುತ್ತಮುತ್ತ ಸೀರೆ, ರೆಡಿಮೇಡ್ ಬ್ಲೌಸ್, ಇಮಿಟೇಶನ್ ಒಡವೆ ಮಾರುವವರಿಗೆ ಆಷಾಢವೆಂದರೆ ನೊಣ ಹೊಡೆಯುವ ಕಾಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಗಲ್ಲಾ ತುಂಬುವುದಿಲ್ಲ. ಕೈಯಲ್ಲಿ ಮೊಬೈಲ್ ಹಿಡಿದು ಕೂತಾಗಲೇ ಪಕ್ಕದ ಬೀದಿಯ ಅಂಗಡಿಯ ರೀಲ್‌ಗೆ ಎರಡು ಲಕ್ಷ ವ್ಯೂಸ್ ಬಂದದ್ದು ಕಣ್ಣಿಗೆ ಬೀಳುತ್ತದೆ. ತಾವೇ ಹಿಂದೆ ಬಿದ್ದೆವೇನೋ ಎಂಬ ದಿಗಿಲು. ತಮ್ಮದೊಂದು ಪೋಸ್ಟನ್ನು ‘ಬೂಸ್ಟ್’ ಮಾಡುತ್ತಾರೆ, ಅಂದರೆ ದುಡ್ಡು ಕಟ್ಟಿ ಹೆಚ್ಚು ಜನಕ್ಕೆ ಕಾಣುವಂತೆ ಮಾಡುತ್ತಾರೆ. ಕೆಲವೇ ವಾರಗಳಲ್ಲಿ ಶ್ರಾವಣ ಬರುತ್ತದೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೂಸ್ಟ್ ಫಲ ಕೊಟ್ಟಿತು ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಫಲ ಕೊಟ್ಟದ್ದು ಬೂಸ್ಟೋ ಪಂಚಾಂಗವೋ? ಆಷಾಢ–ಶ್ರಾವಣದ ಏರಿಳಿತ ಎಲ್ಲರಿಗೂ ಗೊತ್ತಿರುವುದರಿಂದ ಯೋಚಿಸಿದರೆ ತಪ್ಪು ಹೊಳೆಯುತ್ತದೆ. ಆದರೆ ಹಬ್ಬ-ಹರಿದಿನದ ಸಂಬಂಧವಿಲ್ಲದ ವಾರಗಳಲ್ಲೂ ವ್ಯಾಪಾರ ಏರಿಳಿಯುತ್ತಲೇ ಇರುತ್ತದೆ. ತೀರಾ ಡಲ್ ಹೊಡೆದ ವಾರದ ನಂತರದ ವಾರ, ಏನೂ ಮಾಡದಿದ್ದರೂ, ಸಾಮಾನ್ಯವಾಗಿ ಮೊದಲಿನ ಮಟ್ಟದ ಕಡೆಗೆ ಬರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಗೆ ಮರಳುವಿಕೆ ಎನ್ನುತ್ತಾರೆ. ಜಾಹೀರಾತಿಗೆ ದುಡ್ಡು ಹಾಕುವ ಮನಸ್ಸಾಗುವುದು ಕೆಟ್ಟ ವಾರದಲ್ಲೇ ಆದ್ದರಿಂದ, ತಾನಾಗಿ ಬರಬೇಕಿದ್ದ ಚೇತರಿಕೆಯ ಶ್ರೇಯಸ್ಸು ಪ್ರತಿ ಸಲವೂ ಜಾಹೀರಾತಿಗೇ ಸಲ್ಲುತ್ತದೆ.

ಹಿಂದೆ ಬಿದ್ದೆವೇನೋ ಎಂಬ ಆ ದಿಗಿಲಿಗೆ ‘ಫೋಮೋ’ ಎಂಬ ಹೆಸರು ಬಳಕೆಯಲ್ಲಿದೆ: ಬೇರೆಯವರಿಗೆ ಸಿಗುತ್ತಿರುವುದು ತನಗೆ ತಪ್ಪಿಹೋಗುತ್ತಿದೆ ಎಂಬ ಭಯ. 2013ರಲ್ಲಿ ಮನೋವಿಜ್ಞಾನಿ ಆಂಡ್ರ್ಯೂ ಪ್ರಿಬಿಲ್‌ಸ್ಕಿ ಮತ್ತು ಸಂಗಡಿಗರು ಇದನ್ನು ಅಳೆಯಲು ಹತ್ತು ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. ತನ್ನ ಸಾಮರ್ಥ್ಯ, ಸ್ವಾತಂತ್ರ್ಯ, ನಂಟುಗಳ ಬಗ್ಗೆ ತೃಪ್ತಿ ಕಡಿಮೆ ಇದ್ದವರಲ್ಲಿ ಈ ಭಯ ಹೆಚ್ಚು ಕಂಡಿತು. ವ್ಯಾಪಾರ ಬಿದ್ದ ದಿನ ಮಾಲೀಕರ ಮನಃಸ್ಥಿತಿ ಇದಕ್ಕಿಂತ ತುಂಬಾ ಬೇರೆಯಾಗಿರಲಾರದು. ಖರ್ಚಿನ ತೀರ್ಮಾನಕ್ಕೆ ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ.

ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡುವುದು ಈ ಭಾಗಕ್ಕೆ ಹೊಸದಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ನಿಂತು ತಿನ್ನುವ ಹೋಟೆಲುಗಳು ಬೀದಿಬೀದಿಗೆ ಹುಟ್ಟಿದವು. ಆದರೆ ಅಲ್ಲಿ ಪುರಾವೆ ಎದುರಿಗೇ ಇತ್ತು. ಎಷ್ಟು ಜನ ತಿನ್ನುತ್ತಿದ್ದಾರೆ, ಟೋಕನ್‌ಗೆ ಎಷ್ಟು ದುಡ್ಡು ಕೊಡುತ್ತಿದ್ದಾರೆ ಎಂದು ಮೂಲೆಯಲ್ಲಿ ನಿಂತು ಎಣಿಸಬಹುದಿತ್ತು. ನಡೆಯದ ಹೋಟೆಲಿನ ಮುಚ್ಚಿದ ಷಟರ್ ಕೂಡ ಕಾಣುತ್ತಿತ್ತು. ಇನ್‌ಸ್ಟಾಗ್ರಾಂನಲ್ಲಿ ಕಾಣುವುದು ಗೆದ್ದವರ ವ್ಯೂಸ್ ಮಾತ್ರ. ಅವರ ಬಿಲ್ ಪುಸ್ತಕ ಕಾಣುವುದಿಲ್ಲ, ಸೋತವರಂತೂ ಕಾಣುವುದೇ ಇಲ್ಲ. ವ್ಯೂ ಎಂದರೆ ಗಿರಾಕಿಯೂ ಅಲ್ಲ, ಒಬ್ಬ ಮನುಷ್ಯನೂ ಅಲ್ಲ: ಒಬ್ಬರೇ ಮತ್ತೆ ಮತ್ತೆ ನೋಡಿದರೂ ಎಣಿಕೆ ಏರುತ್ತದೆ.

ಗೆದ್ದವರನ್ನು ನಕಲು ಮಾಡಿದರೆ ಗೆಲ್ಲಬಹುದೇ? 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಸಾಲ್ಗನಿಕ್, ಡಾಡ್ಸ್, ವಾಟ್ಸ್ ಅವರ ಪ್ರಯೋಗ ಇಲ್ಲಿ ನೆನೆಯಬೇಕಾದದ್ದು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಅಷ್ಟೇನೂ ಪರಿಚಿತವಲ್ಲದ 48 ಹಾಡುಗಳನ್ನು ಕೊಟ್ಟರು. ಕೆಲವರಿಗೆ ಹಾಡು ಮಾತ್ರ ಕಂಡಿತು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಎಷ್ಟು ಮಂದಿ ಯಾವುದನ್ನು ಇಳಿಸಿಕೊಂಡರು ಎಂಬ ಎಣಿಕೆಯನ್ನೂ ತೋರಿಸಿದರು. ಎಣಿಕೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಭಾರೀ ಅಂತರದಿಂದ ಗೆದ್ದಿತು, ಆದರೆ ಗುಂಪಿನಿಂದ ಗುಂಪಿಗೆ ಗೆದ್ದ ಹಾಡೇ ಬೇರೆಯಾಯಿತು. ತೀರಾ ಒಳ್ಳೆಯದು ಸೋತದ್ದು ಅಪರೂಪ, ತೀರಾ ಕೆಟ್ಟದ್ದು ಗೆದ್ದದ್ದೂ ಅಪರೂಪ. ನಡುವಿನವುಗಳ ಹಣೆಬರಹ ಮೊದಲು ಯಾರು ಏನು ಒತ್ತಿದರು ಎಂಬುದರ ಮೇಲೆ ನಿಂತಿತ್ತು. ಬಿಟಿಎಂ ಲೇಔಟ್‌ನ ಒಂದು ದೋಸೆ ರೀಲ್ ಓಡಿತೆಂದು ಅದೇ ಹಾಡು, ಅದೇ ಬೆಣ್ಣೆ ಹಾಕಿ ಬನಶಂಕರಿಯಲ್ಲಿ ಚಿತ್ರೀಕರಿಸಿದರೆ ಅದೂ ಓಡಬೇಕೆಂದಿಲ್ಲ.

ಎಲ್ಲರೂ ನುಗ್ಗಿದಾಗ ಹಾನಿ ಬೆಳೆಯುತ್ತದೆ. ನೋಡುವವರ ದಿನಕ್ಕೆ ಇರುವುದು 24 ಗಂಟೆಯೇ. ಪೋಸ್ಟ್‌ಗಳು ಹೆಚ್ಚಿದಷ್ಟೂ ಪುಕ್ಕಟೆಯಾಗಿ ಸಿಗುವ ಪಾಲು ಕುಗ್ಗುತ್ತದೆ. ನೂರಕ್ಕೂ ಹೆಚ್ಚು ಬ್ರ್ಯಾಂಡ್‌ಗಳ ಫೇಸ್‌ಬುಕ್ ಪುಟಗಳನ್ನು ಒಗಿಲ್ವಿ ಜಾಹೀರಾತು ಸಂಸ್ಥೆ ಗಮನಿಸಿದಾಗ, 2013ರ ಅಕ್ಟೋಬರ್‌ನಲ್ಲಿ ಪುಟದ ಒಂದು ಪೋಸ್ಟ್ ದುಡ್ಡು ಕೊಡದೆ ಸುಮಾರು ಶೇ 12ರಷ್ಟು ಅನುಯಾಯಿಗಳನ್ನು ತಲುಪುತ್ತಿತ್ತು; 2014ರ ಫೆಬ್ರವರಿಗೆ ಅದು ಶೇ 6ಕ್ಕೆ ಇಳಿಯಿತು. ನಾಲ್ಕೇ ತಿಂಗಳಲ್ಲಿ ಅರ್ಧ.

ಪುಕ್ಕಟೆ ಪಾಲು ಕುಗ್ಗಿದಾಗ ದುಡ್ಡಿನ ದಾರಿಯೊಂದೇ ಉಳಿಯುತ್ತದೆ, ಮತ್ತು ಅದು ಹರಾಜು. ಪ್ರತಿ ಸಲ ಒಂದು ಜಾಹೀರಾತಿನ ಜಾಗ ಖಾಲಿಯಾದಾಗ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಮೆಟಾ ಕಂಪನಿಯ ಯಂತ್ರ ಕೂಗುವವರ ಬೆಲೆ, ನೋಡುವವರು ಸ್ಪಂದಿಸುವ ಸಂಭವ, ಜಾಹೀರಾತಿನ ಗುಣಮಟ್ಟ ಮೂರನ್ನೂ ತೂಗಿ ಒಬ್ಬರನ್ನು ಆರಿಸುತ್ತದೆ. ಕೂಗುವವರು ಹೆಚ್ಚಿದರೆ ಬೆಲೆ ಏರುತ್ತದೆ. ದಸರಾಕ್ಕೆ ಮುಂಚಿನ ವಾರಗಳನ್ನೇ ನೋಡಿ. ಫ್ಲಿಪ್‌ಕಾರ್ಟ್, ಅಮೆಜಾನ್‌ಗಳ ಭಾರೀ ಮಾರಾಟವೂ ಆಗಲೇ, ನಮ್ಮ ಬ್ಲೌಸ್ ಅಂಗಡಿಯ ಬೂಸ್ಟೂ ಆಗಲೇ. ಜೆ.ಪಿ. ನಗರದ ಅದೇ ಗೃಹಿಣಿಯ ಅದೇ ಎರಡು ಕಣ್ಣಿಗಾಗಿ ಒಂದೇ ಹರಾಜುಕಟ್ಟೆಯಲ್ಲಿ ಇಬ್ಬರೂ ಕೂಗುತ್ತಾರೆ.

ಇದು ಗಲ್ಲಾದಲ್ಲಿ ಹೇಗೆ ಕಾಣುತ್ತದೆಂದು ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಮನೆಯಲ್ಲೇ ಕೇಕ್ ಮಾಡಿ ಮಾರುವವರೊಬ್ಬರು ಒಂದನ್ನು 800 ರೂಪಾಯಿಗೆ ಕೊಡುತ್ತಾರೆ. ಮೈದಾ, ಬೆಣ್ಣೆ, ಕ್ರೀಮ್, ಗ್ಯಾಸ್, ಡಬ್ಬಿ ಕಳೆದು ಉಳಿಯುವುದು 240. (ಮಾಡಿದವರ ಕೂಲಿ ಇದರಲ್ಲಿ ಸೇರಿಲ್ಲ, ಸೇರಿಸುವವರನ್ನು ನಾನಂತೂ ಕಂಡಿಲ್ಲ.) 5,000 ರೂಪಾಯಿಯ ಬೂಸ್ಟ್‌ಗೆ ಶೇ 18 ಜಿಎಸ್‌ಟಿ ಸೇರಿ 5,900. ಜಿಎಸ್‌ಟಿ ನೋಂದಣಿ ಇಲ್ಲದವರಿಗೆ, ಕಾಂಪೊಸಿಷನ್ ಪದ್ಧತಿಯವರಿಗೆ, ಶೇ 5ರ ತೆರಿಗೆಯ ಹೋಟೆಲಿನವರಿಗೆ ಆ 900 ವಾಪಸ್ ಬರುವುದಿಲ್ಲ. ಇನ್‌ಸ್ಟಾಗ್ರಾಂನಿಂದ 30 ಆರ್ಡರ್ ಬಂದರೆ 7,200 ಉಳಿತಾಯ, ಖರ್ಚು ಕಳೆದು 1,300 ಲಾಭ. ಆದರೆ ಅವರಲ್ಲಿ 12 ಮಂದಿ ಹೇಗೂ ಬರುತ್ತಿದ್ದ ಹಳೇ ಗಿರಾಕಿಗಳಾಗಿದ್ದರೆ? ಬೂಸ್ಟ್ ತಂದದ್ದು 18 ಮಾತ್ರ, ಅಂದರೆ 4,320 ರೂಪಾಯಿ. ಲಾಭವೆಂದುಕೊಂಡದ್ದು 1,580 ರೂಪಾಯಿ ನಷ್ಟ.

ಆ 12 ಮಂದಿ ಬರೀ ಊಹೆಯಲ್ಲ. 2012ರಲ್ಲಿ ಅಮೆರಿಕದ ಆನ್‌ಲೈನ್ ಮಾರಾಟ ಕಂಪನಿ ಈಬೇ ಕೆಲವು ಪ್ರದೇಶಗಳಲ್ಲಿ ಹುಡುಕಾಟದ (ಸರ್ಚ್) ಜಾಹೀರಾತು ನಿಲ್ಲಿಸಿ ನೋಡಿತು. ಮಾರಾಟ ಹೆಚ್ಚೇನೂ ಇಳಿಯಲಿಲ್ಲ. ಹೊಸಬರ ಮೇಲೆ ಜಾಹೀರಾತಿನ ಪ್ರಭಾವ ಇತ್ತು, ಆದರೆ ದುಡ್ಡಿನ ಬಹುಪಾಲು ಹೇಗೂ ಕೊಳ್ಳುತ್ತಿದ್ದವರಿಗೆ ತೋರಿಸಲು ಹೋಗುತ್ತಿತ್ತು. ಅದು ರೀಲ್ ಅಲ್ಲ ನಿಜ. ಲೆಕ್ಕದ ತಪ್ಪು ಮಾತ್ರ ಒಂದೇ.

ಮುಂದಿನ ವರ್ಷಗಳು ಇನ್ನಷ್ಟು ಬಿಗಿ. ಕೃತಕ ಬುದ್ಧಿಮತ್ತೆಯಿಂದ ವಿಡಿಯೊ ಮಾಡುವ ಖರ್ಚು ಕುಸಿಯುತ್ತಿದೆ. ಪೋಸ್ಟ್‌ಗಳು ಇನ್ನೂ ಹೆಚ್ಚುತ್ತವೆ, ಪುಕ್ಕಟೆ ಪಾಲು ಇನ್ನೂ ಸವೆಯುತ್ತದೆ, ಹರಾಜಿನ ಒತ್ತಡ ಏರುತ್ತದೆ. ನಿಯಮ ಬರೆಯುವವರೂ ನಾವಲ್ಲ. 2022ರಲ್ಲಿ ಇನ್‌ಸ್ಟಾಗ್ರಾಂ ವಿಡಿಯೊಗೆ ಅತಿಯಾಗಿ ಒತ್ತು ಕೊಟ್ಟಿತೆಂದು ಅದರ ಮುಖ್ಯಸ್ಥ ಆಡಂ ಮೊಸೆರಿ 2023ರ ಜನವರಿಯಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ರಿಂಗ್ ಲೈಟ್, ಟ್ರೈಪಾಡ್ ಕೊಂಡವರು ಕೊಂಡಾಗಿತ್ತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೆ ನಿಂತುಹೋದವು. ಗಿರಾಕಿಗಳ ನಂಬರನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡವರು ಫೋನ್ ಮಾಡಬಹುದಿತ್ತು.

ಬೂಸ್ಟ್ ನಿಜಕ್ಕೂ ಫಲ ಕೊಡುತ್ತಿದೆಯೇ ಎಂದು ಅಳೆಯುವ ದಾರಿ ಇದೆ. ಎರಡು ವಾರ ಬೂಸ್ಟ್, ಎರಡು ವಾರ ಬಂದ್, ಹೀಗೆ ನಾಲ್ಕೈದು ಸುತ್ತು; ತಾರೀಖು ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿರಬೇಕು, ಡಲ್ ಹೊಡೆಯಿತೆಂದು ಬದಲಿಸಬಾರದು. ವ್ಯೂಸ್ ಬಿಟ್ಟು ದಿನದ ಗಲ್ಲಾ ಮೊತ್ತ, ಹೊಸ ಗಿರಾಕಿಗಳ ಸಂಖ್ಯೆ ಎರಡನ್ನೇ ಬರೆಯಬೇಕು. ಎಲ್ಲಿ ನೋಡಿ ಬಂದಿರಿ ಎಂದು ಕೇಳಿದರೆ ಸಾಲದು, ಹತ್ತು ವರ್ಷದ ಗಿರಾಕಿಯೂ ಇನ್‌ಸ್ಟಾಗ್ರಾಂ ಎಂದೇ ಹೇಳಬಹುದು. ಆಷಾಢ, ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿಯ ವಾರಗಳನ್ನು ಲೆಕ್ಕದಿಂದ ಹೊರಗಿಡುವುದು ಒಳ್ಳೆಯದು.