ಮಧುಗಿರಿ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರ?

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ಹೆಸರುಗಳನ್ನು ಗಣಕಯಂತ್ರದ ಒಂದು ಪಟ್ಟಿಯಲ್ಲಿ ತುಂಬಬೇಕಾಗಿದೆಯೆಂದೂ, ಪ್ರೋಗ್ರಾಮನ್ನು ಬರೆದಾತನು ಪ್ರತಿಯೊಂದು ಹೆಸರಿಗೂ 20 ಬೈಟುಗಳ ಸ್ಥಳವನ್ನು ಮೀಸಲಿರಿಸಿರುವನೆಂದೂ ಭಾವಿಸೋಣ. ಇಂಗ್ಲಿಷಿನಲ್ಲಿ ಬರೆದರೆ ಅಷ್ಟು ಸ್ಥಳ ಧಾರಾಳವಾಯಿತು. ಕನ್ನಡದಲ್ಲಿ ಬರೆದಾಗಲಾದರೋ ಶಿರಾ, ಪಾವಗಡಗಳು ಸುಖವಾಗಿ ಹಿಡಿಸುತ್ತವೆ. ಕೊರಟಗೆರೆಯು ‘ಕೊರಟಗೆ’ಯಾಗಿಯೂ ಮಧುಗಿರಿಯು ‘ಮಧುಗಿರ’ವಾಗಿಯೂ ಮೊಟಕಾಗಿ, ಬಾಲದಲ್ಲಿ ಪ್ರಶ್ನೆಚಿಹ್ನೆಯಂತಹ ವಿಕಾರರೂಪವೊಂದು ತೋರುತ್ತದೆ. ನಾಲ್ಕೇ ಅಕ್ಷರಗಳ ಹೆಸರು 20 ಬೈಟುಗಳಲ್ಲಿ ಹಿಡಿಸದೆ ಹೋದುದೇಕೆ?

ಬೈಟೆಂಬುದು 0ಯಿಂದ 255ರವರೆಗಿನ ಒಂದು ಸಂಖ್ಯೆಯನ್ನಷ್ಟೇ ಇರಿಸಬಲ್ಲ ಪುಟ್ಟ ಮನೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ ಸಾಕು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿದ ಯೂನಿಕೋಡ್ ವ್ಯವಸ್ಥೆಯು 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಕೊಟ್ಟಿತು. ‘ಮ’ ಅಕ್ಷರದ ಸಂಖ್ಯೆ 3246. ಇದು ಒಂದು ಬೈಟಿನಲ್ಲಿ ಹಿಡಿಸದು. ಇದಕ್ಕೆ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬ ಇಬ್ಬರು 1992ರಲ್ಲಿ ರೂಪಿಸಿದ ಉಪಾಯವೇ ಯುಟಿಎಫ್-8. ಅದರಂತೆ ‘ಮ’ವು 224, 178, 174 ಎಂಬ ಮೂರು ಬೈಟುಗಳಾಗುತ್ತದೆ. ಮೂಲಸಂಖ್ಯೆಯನ್ನು ಮರಳಿ ಪಡೆಯುವುದು ಹೀಗೆ: ಮೊದಲನೆಯದರಿಂದ 224ನ್ನು ಕಳೆದು 4096ರಿಂದ ಗುಣಿಸಬೇಕು, ಎರಡನೆಯದರಿಂದ 128ನ್ನು ಕಳೆದು 64ರಿಂದ ಗುಣಿಸಬೇಕು, ಮೂರನೆಯದರಿಂದ 128ನ್ನು ಕಳೆದರೆ ಸಾಕು. ಸೊನ್ನೆ, 3200, 46, ಕೂಡಿದರೆ 3246. ವಿದ್ಯಾರ್ಥಿಗಳು ಕಾಗದದ ಮೇಲೆ ಒಮ್ಮೆ ಮಾಡಿ ನೋಡಬಹುದು.

ಈ ಏರ್ಪಾಡಿನ ಜಾಣತನವಿರುವುದು ಮೊದಲನೆಯ ಬೈಟಿನಲ್ಲಿ. ಅದು 224ರಿಂದ 239ರೊಳಗಿದ್ದರೆ ಹಿಂದೆ ಇನ್ನೆರಡು ಬರಲಿವೆಯೆಂದು ಅರ್ಥ; ಹಿಂಬಾಲಿಸುವವು ಯಾವಾಗಲೂ 128ರಿಂದ 191ರೊಳಗೇ ಇರುತ್ತವೆ.

ಇನ್ನು ನಮ್ಮ ಗುಣಿತಾಕ್ಷರಗಳ ವಿಚಾರ. ಸ್ವರಚಿಹ್ನೆಗಳಿಗೂ ಪ್ರತ್ಯೇಕ ಸಂಖ್ಯೆಗಳುಂಟು. ಮ, ಧ, ಕೊಂಬು, ಗ, ಗುಡಿಸು, ರ, ಗುಡಿಸು, ಹೀಗೆ ಮಧುಗಿರಿಯು ಏಳು ಸಂಕೇತಗಳಾಗಿ 21 ಬೈಟುಗಳನ್ನು ಬೇಡುತ್ತದೆ. ಒಂದೇ ಒಂದು ಬೈಟಿನ ಕೊರತೆಯಿಂದ ಕೊನೆಯ ಗುಡಿಸು ಮುರಿಯಿತು!

ಆದುದರಿಂದ ಎಣಿಸುವ, ಕತ್ತರಿಸುವ ಕೆಲಸಕ್ಕೆ ಮುನ್ನ ಬೈಟುಗಳನ್ನು ಸಂಕೇತಸಂಖ್ಯೆಗಳಾಗಿ ಮಾರ್ಪಡಿಸಿಕೊಳ್ಳುವುದು ಕ್ಷೇಮ. ಪ್ರತಿಯೊಂದು ಸಂಕೇತಕ್ಕೂ ಸಮಾನವಾದ ಅಗಲದ ಮನೆಯನ್ನು ಕೊಡುವ ಈ ರೂಪಕ್ಕೆ ‘ಸಿ’ ಭಾಷೆಯಲ್ಲಿ ವೈಡ್ ಕ್ಯಾರೆಕ್ಟರ್, ಎಂದರೆ ಅಗಲಾಕ್ಷರ, ಎಂದು ಹೆಸರು. ಮಾರ್ಪಡಿಸುವ ಸಾಧನದ ಹೆಸರು ‘ಎಂಬಿಎಸ್‌ಟಿಓಡಬ್ಲ್ಯುಸಿಎಸ್’. ಉಚ್ಚರಿಸಲಾಗದ ಈ ಹೆಸರನ್ನಿಟ್ಟವರನ್ನು ಕ್ಷಮಿಸಿಬಿಡೋಣ. ಇದನ್ನು ಕರೆಯುವ ಮೊದಲು ‘ಸೆಟ್‌ಲೊಕೇಲ್’ ಎಂಬ ಆಜ್ಞೆಯಿಂದ ನಮ್ಮ ಬರಹವು ಯುಟಿಎಫ್-8ರಲ್ಲಿದೆಯೆಂದು ತಿಳಿಸಬೇಕು. ಹೊಸಬರು ಮರೆಯುವುದು ಇದನ್ನೇ. ಮರೆತರೆ ಯಂತ್ರವು ಆ ಬೈಟುಗಳನ್ನು ಕನ್ನಡವೆಂದು ಓದಲಾರದು.

ಬರಹವು ತುಂಡುತುಂಡಾಗಿ ಬರುವಾಗ ಬೇರೊಂದು ತೊಡಕು. ಮೊದಲ ತುಂಡಿನಲ್ಲಿ 20 ಬೈಟುಗಳು ಬಂದವೆನ್ನೋಣ. ಆರು ಸಂಕೇತಗಳು ಪೂರ್ಣವಾಗಿ, 224 ಮತ್ತು 178 ಎಂಬೆರಡು ಬೈಟುಗಳು ಅನಾಥವಾಗಿ ಉಳಿಯುತ್ತವೆ. ಇದು ತಪ್ಪಲ್ಲ, ಅಪೂರ್ಣವಷ್ಟೆ. 1995ರ ತಿದ್ದುಪಡಿಯಲ್ಲಿ ‘ಸಿ’ ಭಾಷೆಗೆ ಸೇರಿದ ‘ಎಂಬಿಆರ್‌ಟಿಓಡಬ್ಲ್ಯುಸಿ’ ಎಂಬ ಸಾಧನವು ಈ ಭೇದವನ್ನು ಬಲ್ಲದು. ಕೆಟ್ಟ ಬೈಟಿಗೆ ಋಣ ಒಂದು, ಅಪೂರ್ಣ ಬೈಟಿಗೆ ಋಣ ಎರಡು ಎಂದು ಉತ್ತರಿಸಿ, ಉಳಿದ ಚೂರನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ತುಂಡಿಗೆ ಕಾಯುತ್ತದೆ.

ಅಗಲಾಕ್ಷರದ ಮನೆ ಲಿನಕ್ಸ್‌ನಲ್ಲಿ 4 ಬೈಟು, ವಿಂಡೋಸ್‌ನಲ್ಲಿ 2 ಬೈಟು. ಕನ್ನಡಕ್ಕೆ ಎರಡೂ ಸಾಕು. ಆದರೆ 2024ರಲ್ಲಿ ಯೂನಿಕೋಡಿಗೆ ಸೇರಿದ ತುಳು-ತಿಗಳಾರಿ ಲಿಪಿಯ ಸ್ಥಾನಗಳು 70,528ರಿಂದ ಮೊದಲಾಗುವುದರಿಂದ ವಿಂಡೋಸ್‌ನಲ್ಲಿ ಅದರ ಒಂದೊಂದು ಸಂಕೇತಕ್ಕೂ ಎರಡು ಮನೆಗಳು ಬೇಕು.

ಅಗಲಾಕ್ಷರವಾದೊಡನೆ ಸಮಸ್ಯೆಗಳೆಲ್ಲ ತೀರಿದುವೆಂದು ತಿಳಿಯಬಾರದು. ಕೊರಟಗೆರೆಯನ್ನೇ ನೋಡಿರಿ. ‘ಕೊ’ದಲ್ಲಿರುವ ಒಕಾರವನ್ನು 3274 ಎಂಬ ಒಂದೇ ಸಂಕೇತದಿಂದಲೂ ಬರೆಯಬಹುದು, 3270 ಎಂಬ ಎಕಾರ, 3266 ಎಂಬ ಊಕಾರಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಒಂದು ಎಂಟು ಸಂಕೇತಗಳ, 24 ಬೈಟುಗಳ ಊರು; ಇನ್ನೊಂದು ಒಂಬತ್ತು ಸಂಕೇತಗಳ, 27 ಬೈಟುಗಳ ಊರು. ಒಂದು ಕಚೇರಿಯಲ್ಲಿ ಹೀಗೆ, ಮತ್ತೊಂದರಲ್ಲಿ ಹಾಗೆ ದಾಖಲಾಗಿದ್ದರೆ, ತನ್ನ ಊರಿನ ಹೆಸರನ್ನು ಹುಡುಕಿಸಿದ ರೈತನಿಗೆ ‘ದಾಖಲೆ ಇಲ್ಲ’ ಎಂಬ ಉತ್ತರ ಸಿಕ್ಕೀತು. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸೇಶನ್’ ಎಂಬ ಸಂಸ್ಕಾರವು ಪ್ರತ್ಯೇಕವಾಗಿಯೇ ನಡೆಯಬೇಕು.

ಪಾವಗಡದ ವಿಷಯ ಸ್ವಾರಸ್ಯವಾದುದು. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಆ ತಾಲ್ಲೂಕಿನಲ್ಲಿ ತೆಲುಗು ಮನೆಮಾತಾಗಿರುವವರು ಬಹಳ. ಯೂನಿಕೋಡಿನಲ್ಲಿಯೂ ತೆಲುಗು ಕನ್ನಡದ ಪಕ್ಕದ ಮನೆಯೇ: 3072ರಿಂದ 3199. ಎರಡೂ ಲಿಪಿಗಳು ಭಾರತದ ‘ಇಸ್ಕಿ’ ಸಂಕೇತಕ್ರಮವನ್ನು ಅನುಸರಿಸಿ ಜೋಡಣೆಗೊಂಡಿರುವುದರಿಂದ, ‘ಪಾವಗಡ’ದ ಐದು ಅಗಲಾಕ್ಷರಗಳಲ್ಲಿ ಪ್ರತಿಯೊಂದರಿಂದಲೂ 128ನ್ನು ಕಳೆದರೆ ಅದೇ ಹೆಸರು ತೆಲುಗು ಲಿಪಿಯಲ್ಲಿ ಮೂಡುತ್ತದೆ.