ಹೊಗೆಸೊಪ್ಪಿನ ಘಾಟು

ನಿಪ್ಪಾಣಿಯ ಕರಿಮಣ್ಣಿನಲ್ಲಿ ಬೆಳೆಯುವ ಬೀಡಿ ತಂಬಾಕಿನ ಘಾಟು ಎಲೆಯಲ್ಲಿ ಹುಟ್ಟುವುದಲ್ಲ. ಬೇರಿನಲ್ಲಿ ಹುಟ್ಟಿ ರಸದೊಡನೆ ಎಲೆಗೆ ಏರುವಂಥದು. ಕೀಟಗಳಿಂದ ತನ್ನನ್ನು ಕಾಯ್ದುಕೊಳ್ಳಲು ಗಿಡವು ಸಿದ್ಧಪಡಿಸಿಕೊಳ್ಳುವ ಈ ವಿಷದ ಹೆಸರು ನಿಕೋಟಿನ್.

ಹೂ ಮೂಡುವ ಹೊತ್ತಿಗೆ ರೈತನು ಕುಡಿ ಚಿವುಟುತ್ತಾನೆ; ಎಲೆಕಂಕುಳಲ್ಲಿ ಒಡೆಯುವ ಚಿಗುರುಗಳನ್ನೂ ಮುರಿಯುತ್ತಾನೆ. ಬೀಜಕ್ಕೆ ಸಲ್ಲಬೇಕಾದ ಸತ್ವ ಆಗ ಎಲೆಗೆ ಸೇರುತ್ತದೆ. ಬೇರು ಇನ್ನಷ್ಟು ನಿಕೋಟಿನ್ ತಯಾರಿಸುತ್ತದೆ. ಎಲೆ ದಪ್ಪವಾಗಿ, ಹಸಿರು ಮಾಸಿ, ಕಂದು ಚುಕ್ಕೆಗಳು ಕಾಣಿಸಿದರೆ ಮಾಗಿತೆಂದು ಲೆಕ್ಕ.

ಈ ಘಾಟಿಗೇ ಪೇಟೆಯಲ್ಲಿ ಬೆಲೆ. ನ್ಯಾಯವಾದ ಬೆಲೆಗಾಗಿ 1981ರಲ್ಲಿ ನಿಪ್ಪಾಣಿಯ ರೈತರು ಹೆದ್ದಾರಿ ತಡೆದಾಗ, ಪೊಲೀಸರ ಗುಂಡಿಗೆ ಹಲವರು ಪ್ರಾಣ ತೆತ್ತರು.

ಆದರೆ ಅದೇ ಘಾಟು ದುಡಿಯುವ ಕೈಯನ್ನೂ ಬಿಡದು. ಇಬ್ಬನಿಯಲ್ಲಿ ನೆನೆದ ಹಸಿ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ಮೈಸೇರಿ ತಲೆಸುತ್ತು, ವಾಂತಿ ತರುತ್ತದೆ. ಆದುದರಿಂದ ಇಬ್ಬನಿ ಆರುವ ತನಕ ಬರಿಗೈಯಲ್ಲಿ ಅದನ್ನು ಮುಟ್ಟದಿರುವುದೇ ಲೇಸು.